ಔರಾದದ ಟಿವಿಯಲ್ಲಿ ನಮ್ಮ ಮುಖಗಳು

ಸೋಮವಾರ. ಜೋಳ ಹಸನು ಮಾಡಿ ಗಿರಣಿಗೆ ಕಳಿಸಿದೆ. ಹಿಂದಿನ ದಿನ ಹಾಸಿದ್ದ ಜಮಖಾನ ಕೊಡವಿ ಬಿಸಿಲಿಗೆ ಹಾಕಿದೆ. ಮೆಂತ್ಯೆ ಸೊಪ್ಪು ಸೋಸಿದೆ. ನಮ್ಮವರ ಅಂಗಿಗೆ ಗುಂಡಿ ಹಚ್ಚಿದೆ. ಕಂಪ್ಯೂಟರಿನ ಧೂಳು ಒರೆಸಿದೆ. ಅದು ಯಾಕೋ ತೆವಳುತ್ತಿದೆ ಅನ್ನಿಸಿ ಆ್ಯಂಟಿವೈರಸ್ ಓಡಿಸಿದೆ.

ಆಮೇಲೆ ಏನಾಯಿತು ಅಂತೀರಿ? ಪರದೆಯ ಒಳಗಿನಿಂದ ನಾನೇ ನನ್ನನ್ನು ನೋಡಿದೆ.

ಬಚ್ಚಿಟ್ಟ ಫೋಲ್ಡರ್ ಒಂದಿದೆ, ಅಳಿಸಲೇ ಎಂದು ಆ್ಯಂಟಿವೈರಸ್ ಕೆಂಪಕ್ಷರದಲ್ಲಿ ಕೇಳಿತು. ಏನಿದೆ ಅಂತ ನೋಡದೆ ಅಳಿಸುವುದು ಹೇಗೆ? ತೆರೆದೆ. ಬರೀ ಫೋಟೋಗಳು. ಕನ್ನಡಕ ಮೂಗಿಗಿಳಿಸಿ ಕೀಬೋರ್ಡಿನಲ್ಲಿ ಅಕ್ಷರ ಹುಡುಕುತ್ತಿರುವ ನಾನು. ಬನಿಯನ್ನಿನಲ್ಲಿ ಆಕಳಿಸುತ್ತಿರುವ ನಮ್ಮವರು. ಆಮೇಲೆ ಯಾರೂ ಇಲ್ಲದ ಕೋಣೆ. ಖಾಲಿ ಕುರ್ಚಿ, ಅರ್ಧ ತೆರೆದ ಬಾಗಿಲು. ಮತ್ತೆ ಅದೇ ಕೋಣೆ, ಬಾಗಿಲು ಮುಚ್ಚಿದೆ.

ನಾವು ಯಾರೂ ತೆಗೆದದ್ದಲ್ಲ. ಲಾಕ್‌ಡೌನಿನಲ್ಲಿ ಆನ್‌ಲೈನ್ ಆರಾಧನೆಗೆಂದು ಮಾನಿಟರಿನ ನೆತ್ತಿಯ ಮೇಲೆ ಕೂರಿಸಿದ ಕ್ಯಾಮೆರಾ ತನ್ನಷ್ಟಕ್ಕೆ ಕಣ್ಣು ಬಿಡುತ್ತಿತ್ತು.

ಮುಂದಿನ ಫೋಟೋದ ಗೋಡೆ ನಮ್ಮದಲ್ಲ. ಹಸಿರು ಗೋಡೆ, ಹೊಲಿಗೆ ಮಷಿನ್ನು. ಭಾಲ್ಕಿಯಲ್ಲಿರುವ ನಮ್ಮ ನಾದಿನಿ ಸುನೀತಾಳ ಮನೆ! ಸುನೀತಾ ನೇರವಾಗಿ ನನ್ನನ್ನೇ ನೋಡುತ್ತಿದ್ದಳು. ಅವಳ ತಲೆಯ ಮೇಲೆ ಒಂದು ಕೂದಲೂ ಇರಲಿಲ್ಲ.

ಹಿಂದಿನ ದಿನವಷ್ಟೇ ನಮ್ಮ ಮನೆಯ ಪ್ರಾರ್ಥನೆಗೆ ಬಂದಿದ್ದಳು, ತಲೆಗೆ ಬಿಗಿಯಾಗಿ ಸ್ಕಾರ್ಫ್ ಕಟ್ಟಿಕೊಂಡು. "ನೆಗಡಿ ವೈನಿ, ಗಾಳಿ ಆಗಿ ಬರಲ್ದು" ಅಂದಿದ್ದಳು. ನಾನೂ ಶುಂಠಿ ಕಷಾಯ ಮಾಡಿಕೊಟ್ಟಿದ್ದೆ. ಹಿಂದಿನ ತಿಂಗಳು ಅವಳ ಮನೆಯ ಪ್ರಾರ್ಥನೆಯಲ್ಲೂ ತಲೆಯ ಮೇಲಿನ ಸೆರಗು ಇಳಿದಿರಲಿಲ್ಲ.

ಭಾಲ್ಕಿಯ ಫೋಟೋ ಬೀದರಿನ ನಮ್ಮ ಮನೆಗೆ ಬಂದದ್ದು ಹೇಗೆ? ನಮ್ಮ ಕುಟುಂಬದಲ್ಲಿ ಪ್ರತಿ ತಿಂಗಳು ಒಬ್ಬೊಬ್ಬರ ಮನೆಯಲ್ಲಿ ಪ್ರಾರ್ಥನೆ. ತೀರಿಹೋದ ನಮ್ಮ ಮಾವನವರು ಹಾಡಿದ ಕೀರ್ತನೆಗಳೆಲ್ಲ ಒಂದು ಪೆನ್‌ಡ್ರೈವಿನಲ್ಲಿವೆ. ಪ್ರಾರ್ಥನೆ ಮುಗಿದ ಮೇಲೆ ಮುಂದಿನ ಮನೆಯವರು ಅದನ್ನು ಒಯ್ಯಬೇಕು. ಅದರ ಜೊತೆ ವೈರಸ್ಸೂ ಬಸ್ಸು ಹತ್ತಿದಂತೆ ಹತ್ತುತ್ತದೆ, ಮುಂದಿನ ಮನೆಯಲ್ಲಿ ಇಳಿಯುತ್ತದೆ. ಅಲ್ಲಿನ ಕ್ಯಾಮೆರಾ ತೆರೆದು ಚಿತ್ರ ತೆಗೆದು ಗಂಟು ಕಟ್ಟಿ ಕಂಪ್ಯೂಟರಿನಲ್ಲೂ ಪೆನ್‌ಡ್ರೈವಿನಲ್ಲೂ ಬಚ್ಚಿಡುತ್ತದೆ. ನೆಟ್ ಸಿಕ್ಕಾಗ ಯಾರಿಗೋ ಕಳಿಸುತ್ತದೆ. ಯಾರಿಗೆ? ಅದನ್ನು ಮಾತ್ರ ಕೇಳಬೇಡಿ.

(ಪೆನ್‌ಡ್ರೈವನ್ನು ಸ್ಕ್ಯಾನ್ ಮಾಡಿ ತೆರೆಯಬಾರದಿತ್ತೇ ಅನ್ನುತ್ತೀರಿ. ನಾದಿನಿ ಪಕ್ಕದಲ್ಲೇ ನಿಂತಿದ್ದಾಳೆ. ಅವಳು ತಂದ ಡಬ್ಬಿಯ ಮುಚ್ಚಳ ತೆಗೆದು ಅವಳೆದುರೇ ಮೂಸಿ ನೋಡುತ್ತೀರಾ? ಹಾಗೆಯೇ ಇದೂ. ಯಾರೂ ಮೂಸಲಿಲ್ಲ.)

ಭಾಲ್ಕಿಗೆ ಫೋನ್ ಹಚ್ಚಿದೆ.

"ಸುನೀತಾ, ನಿನ್ನ ತಲಿ..."

"ಯಾರ್ ಹೇಳಿದ್ರು ವೈನಿ?"

"ನಿಮ್ಮ ಮನಿ ಕಂಪ್ಯೂಟರ್."

"ಚೇಷ್ಟಿ ಮಾಡಬ್ಯಾಡ್ರಿ."

"ಖರೇನ ಹೇಳ್ಲತ್ತೀನಿ."

ಹೇಳಿದೆ. ಅವಳೂ ಹೇಳಿದಳು. ಎದೆಯಲ್ಲಿ ಗಂಟು. ಹೈದರಾಬಾದಿನಲ್ಲಿ ಚಿಕಿತ್ಸೆ. ಗಂಡನನ್ನು ಬಿಟ್ಟರೆ ಯಾರಿಗೂ ಗೊತ್ತಿಲ್ಲ. "ಅವ್ವಗ ಮಾತ್ರ ಗೊತ್ತಾಗಬಾರ್ದು ವೈನಿ. ಎಲ್ಲಾ ಬೇಸ್ ಆದ ಮ್ಯಾಲ ನಾನೇ ಹೇಳ್ತೇನಿ. ಈಗ ಗೊತ್ತಾದ್ರ ಆಕಿ ಊಟ ಬಿಡ್ತಾಳ." ಆಮೇಲೆ ಅವಳಿಗೇ ಹೊಳೆಯಿತು. "ಪೆನ್‌ಡ್ರೈವ್ ಎಲ್ಲದ?"

ಔರಾದಕ್ಕೆ ಹೋಗಿತ್ತು. ಮುಂದಿನ ಪಾಳಿ ಮೈದುನನದು. ಅವನ ಮನೆಯಲ್ಲೇ ನಮ್ಮತ್ತೆ, ಅಂದರೆ ಸುನೀತಾಳ ಅವ್ವ, ಇರುವುದು. ಮೈದುನ, ಅವನ ಹೆಂಡತಿ ಇಬ್ಬರೂ ಶಾಲೆಯಲ್ಲಿ. ಫೋನ್ ಎತ್ತಲಿಲ್ಲ. ಅತ್ತೆಗೇ ಫೋನ್ ಮಾಡಿ ಪೆನ್‌ಡ್ರೈವ್ ಮುಟ್ಟಬೇಡಿ ಅಂದರೆ? ಮೊದಲು ಅದನ್ನೇ ಮುಟ್ಟುತ್ತಾರೆ. ಔರಾದದ ಬಸ್ಸು ಹತ್ತಿದೆ.

ಬಸ್ಸಿನಲ್ಲಿ ಒಂದೇ ಸಮಾಧಾನ. ಆ ಮನೆಯಲ್ಲಿ ಕಂಪ್ಯೂಟರ್ ಇಲ್ಲ, ಪೆನ್‌ಡ್ರೈವ್ ಚುಚ್ಚುವುದು ಟಿವಿಗೆ. ಫೋಲ್ಡರ್ ಹೇಗೂ ಬಚ್ಚಿಟ್ಟದ್ದು. ಹಾಡಷ್ಟೇ ಕಾಣುತ್ತದೆ, ಅಲ್ಲವೇ?

ಅಲ್ಲ. ಕಂಪ್ಯೂಟರ್ ಬಚ್ಚಿಟ್ಟದ್ದನ್ನು ಬಚ್ಚಿಡಲು ಆ ಟಿವಿಗೆ ಬರುತ್ತಿರಲಿಲ್ಲ.

ಹೊಸ್ತಿಲು ದಾಟುವಾಗ ಒಳಗೆ ಮಾವನವರು ಹಾಡುತ್ತಿದ್ದರು. ಆ ದನಿಯ ಕೆಳಗೆ, ಟಿವಿಯ ತುಂಬ, ಗೋಡೆಯಗಲದ ನನ್ನ ಮುಖ. ಚಪ್ಪಲಿ ಬಿಡುವುದನ್ನೂ ಮರೆತು ನಿಂತೆ.

"ಬಾ, ಕೂಡು," ಅಂದರು ಅತ್ತೆ ತಿರುಗಿ ನೋಡದೆ. "ನಿನ್ನ ಫೋಟೋ ಚಂದ ಬಂದಿಲ್ಲ ನೋಡು. ಬಾಯಿ ತಕ್ಕೊಂಡು ಏನ್ ಹುಡುಕ್ಲತ್ತಿದ್ದಿ?"

ರಿಮೋಟ್ ಎಲ್ಲಿ ಅಂತ ಕಣ್ಣಾಡಿಸಿದೆ. ಅವರ ಸೆರಗಿನ ಕೆಳಗಿತ್ತು. ಚಿತ್ರಗಳು ತಾವಾಗಿ ಬದಲಾಗುತ್ತಿದ್ದವು. ನಮ್ಮ ಖಾಲಿ ಕುರ್ಚಿ. ಮುಚ್ಚಿದ ಬಾಗಿಲು. ಹಸಿರು ಗೋಡೆ. ಸುನೀತಾ.

"ಇದು ಯಾರ್ ತೆಗದಾರ?"

"ಯಾರೂ ತೆಗದಿಲ್ರಿ ಅತ್ತಿ."

"ಯಾರೂ ತೆಗೀಲಾರ್ದೆ ಫೋಟೋ ಹ್ಯಾಂಗ್ ಬರ್ತದ?"

ಅಷ್ಟರಲ್ಲಿ ಅತ್ತೆಯ ಮೊಬೈಲ್ ಹೊಡೆದುಕೊಂಡಿತು. ಸುನೀತಾ. ಪಕ್ಕದಲ್ಲಿ ಕೂತ ನನಗೂ ದನಿ ಕೇಳುತ್ತಿತ್ತು.

"ಅವ್ವ, ಏನ್ ಮಾಡ್ಲತ್ತಿ?"

"ಸುಮ್ಮ ಕೂತೀನಿ. ನಿಮ್ಮಪ್ಪನ ಹಾಡು ಕೇಳ್ಲತ್ತೀನಿ. ನಿನ್ನ ನೆಗಡಿ ಹ್ಯಾಂಗದ?"

"ಕಮ್ಮಿ ಆಗ್ಯಾದವ್ವ. ತಲಿಗಿ ಕಟ್ಟೇ ಇಟ್ಟೀನಿ."

"ಕಟ್ಟು, ಕಟ್ಟು. ಬಿಸಿ ನೀರು ಕುಡಿ," ಅಂದರು ಅತ್ತೆ, ನಗುತ್ತಲೇ. ಅವರ ಕಣ್ಣು ಟಿವಿಯ ಮೇಲಿತ್ತು. ಟಿವಿಯಲ್ಲಿ ಮಗಳು ಬರಿದಲೆಯಲ್ಲಿ ತಾಯಿಯನ್ನು ನೋಡುತ್ತಿದ್ದಳು. ಅವಳ ತುಟಿ ಅಲುಗುತ್ತಿರಲಿಲ್ಲ, ದನಿ ಮಾತ್ರ ಬರುತ್ತಿತ್ತು.

ಫೋನ್ ಇಟ್ಟ ಮೇಲೆ ಅತ್ತೆ ನನ್ನ ಕೈ ಹಿಡಿದುಕೊಂಡರು.

"ಮುಂಜಾನಿಂದ ನೋಡ್ಲತ್ತೀನಿ. ಸುತ್ತಿ ಸುತ್ತಿ ಆಕಿನೇ ಬರ್ತಾಳ. ನಾ ನೋಡೀನಂತ ಆಕಿಗಿ ಹೇಳಬ್ಯಾಡ. ಆಕಿ ಹೇಳಿದ ದಿನ ಅಳ್ತೇನಿ."

ಸಂಜೆ ಮೈದುನ ಬಂದ. ಬೇರೆ ಪೆನ್‌ಡ್ರೈವಿಗೆ ಅಂಗಡಿಯಲ್ಲಿ ಹಾಡುಗಳನ್ನಷ್ಟೇ ಇಳಿಸಿಕೊಂಡು ಬಂದು, ಹಳೆಯದನ್ನು ತೊಳೆದ ಪಾತ್ರೆಯಂತೆ ಖಾಲಿ ಮಾಡಿಸುವುದೆಂದು ಮಾತಾಯಿತು. ಅವನು ಒಯ್ಯುವ ಮೊದಲು, "ತಡಿ, ಇನ್ನೊಮ್ಮೆ ಹಚ್ಚು," ಅಂದರು ಅತ್ತೆ. ಹಚ್ಚಿದ. ನೋಡಿದರು. "ಹೂಂ, ಒಯ್ಯಿ."

ಅಂದಿನಿಂದ ಯಾರ ಪೆನ್‌ಡ್ರೈವ್ ಆದರೂ ಅವರೆದುರೇ ಸ್ಕ್ಯಾನ್ ಮಾಡುತ್ತೇನೆ. ಸಿಟ್ಟಾದರೆ ಚಹಾ ಕೊಡುತ್ತೇನೆ. ಕೆಲಸವಿಲ್ಲದಾಗ ಕ್ಯಾಮೆರಾದ ವೈರ್ ಕಿತ್ತಿಡುತ್ತೇನೆ. ಆ್ಯಂಟಿವೈರಸ್ ಅಪ್‌ಡೇಟ್ ಕೇಳಿದರೆ 'ನಾಳೆ' ಅನ್ನುವುದಿಲ್ಲ. ನೀವೂ ಅನ್ನಬೇಡಿ.

ಆ ರಾತ್ರಿ ಔರಾದದಲ್ಲೇ ಉಳಿದೆ. ಬಿಸಿ ರೊಟ್ಟಿ, ಪುಂಡಿ ಪಲ್ಯ, ಶೇಂಗಾ ಹಿಂಡಿ. ಅತ್ತೆ ಊಟ ಬಿಡಲಿಲ್ಲ. ಎಂದಿಗಿಂತ ಅರ್ಧ ರೊಟ್ಟಿ ಹೆಚ್ಚೇ ತಿಂದರು, ನನ್ನ ಮುಖ ನೋಡುತ್ತ. ಮೊದಲು ಅವರೇ ಮಲಗಿದರು, ಅಥವಾ ನನಗೆ ಹಾಗೆ ತೋರಿಸಿದರು. ನನಗೆ ಮಾತ್ರ ನಿದ್ದೆ ಹತ್ತಲಿಲ್ಲ. ಮಗಳ ಬರಿದಲೆಯನ್ನು ತಾಯಿಗಿಂತ ಮೊದಲು ಕಂಡವನು ಯಾವ ಊರಲ್ಲಿ, ಯಾವ ಪರದೆಯೆದುರು ಕೂತಿದ್ದಾನೆ?