ಪುಂಡಿ ಶರಬತ್ತಿನ ಕೆಂಪು

ಸಾಬಣ್ಣನ ಶರಬತ್ತಿನಲ್ಲಿ ಬಣ್ಣ ಇರಲಿಲ್ಲ. ಇದೆ ಅಂತ ದೇವದುರ್ಗದ ಅಷ್ಟು ಜನರ ಮುಂದೆ ಹೇಳಿದವಳು ನಾನು. ಇರಲಿಲ್ಲ ಅನ್ನುವುದು ಅದೇ ದಿನ ಸಂಜೆ ನನಗೆ ಗೊತ್ತಾಯಿತು — ಗೊತ್ತಾದ ಮೇಲೂ ಬಾಯಿ ಬಿಡಲಿಲ್ಲ. ಒಬ್ಬನ ಗಾಡಿ ನಿಂತಿತು, ಅಷ್ಟಕ್ಕೇ ಮುಗಿಯಿತು ಅಂದಿದ್ದರೆ ಹೇಗೋ ನುಂಗಿಕೊಂಡು ಇದ್ದುಬಿಡುತ್ತಿದ್ದೆನೇನೋ. ನಾನು ಅಂಥವಳೇ. ಆದರೆ ನನ್ನ ಮಾತು ಆ ಮನೆಯೊಳಗೆ ಹೊಕ್ಕಿತು, ಇನ್ನೂ ಹೊರಗೆ ಬಂದಿಲ್ಲ.

ಆಗ ನಾನು ರಾಯಚೂರಿನಲ್ಲಿ ರಸಾಯನಶಾಸ್ತ್ರದ ಸಂಶೋಧನೆ ಮಾಡುತ್ತಿದ್ದೆ. ಶರಬತ್ತು, ಸೋಡಾಗಳಿಗೆ ಬೆರೆಸುವ ಕೃತಕ ಬಣ್ಣವನ್ನು ಹಿಡಿಯುವ ಒಂದು ಪುಟ್ಟ ಸೆನ್ಸರ್ ನನ್ನ ಕೆಲಸ. ಗ್ರಾಫೈಟ್ ಪುಡಿಗೆ ಎಣ್ಣೆ ಹಾಕಿ, ರೊಟ್ಟಿ ಹಿಟ್ಟಿನಂತೆ ನಾದಿ, ಸಣ್ಣ ಕೊಳವೆಯ ತುದಿಯಲ್ಲಿ ಒತ್ತಿ ತುಂಬಿದರೆ ಅದೇ ನಮ್ಮ ಎಲೆಕ್ಟ್ರೋಡು. ಅದನ್ನು ಶರಬತ್ತಿನಲ್ಲಿ ಅದ್ದಿ ವಿದ್ಯುತ್ತಿನ ಒತ್ತಡವನ್ನು ಸ್ವಲ್ಪ ಸ್ವಲ್ಪವೇ ಏರಿಸುತ್ತ ಹೋಗಬೇಕು. ಬಣ್ಣವಿದ್ದರೆ ಲ್ಯಾಪ್‌ಟಾಪಿನ ಮೇಲಿನ ಗೆರೆ ಗೊತ್ತಾದ ಒಂದು ಜಾಗದಲ್ಲಿ ದಿಣ್ಣೆಯಾಗಿ ಏಳುತ್ತದೆ. ಇಲ್ಲದಿದ್ದರೆ ಅಲ್ಲಿ ಸುಮ್ಮನೆ ದಾಟಿಹೋಗುತ್ತದೆ. ಇದಕ್ಕೆ ಒಂದೇ ಒಂದು ನೇಮ. ಒಂದು ಶರಬತ್ತು ನೋಡಿದ ಮೇಲೆ, ಇನ್ನೊಂದರಲ್ಲಿ ಅದ್ದುವ ಮೊದಲು, ಆ ತುದಿಯನ್ನು ಕೆರೆದು ನುಣುಪು ಕಾಗದದ ಮೇಲೆ ಹೊಳೆಯುವ ತನಕ ಉಜ್ಜಬೇಕು. ಯಾಕೆಂದರೆ ಬಣ್ಣ ಗ್ರಾಫೈಟಿಗೆ ಕಚ್ಚಿಕೊಂಡು ಕೂತಿರುತ್ತದೆ. ಬರೀ ನೀರಿನಲ್ಲಿ ತೊಳೆದರೆ ಬಿಡುವುದಿಲ್ಲ.

ದೇವದುರ್ಗದಲ್ಲಿ ಕಲಬೆರಕೆಯ ಬಗ್ಗೆ ಜನರಿಗೆ ತಿಳಿಹೇಳುವ ಒಂದು ಕಾರ್ಯಕ್ರಮ. ನಮ್ಮ ಗೈಡ್ ಸರ್ ನನ್ನನ್ನೇ ಮುಂದೆ ನಿಲ್ಲಿಸಿದ್ದರು. ಮಾನ್ವಿಯಿಂದ ತಂದಿದ್ದ ಒಂದು ಕಡುಗೆಂಪು ಬಾಟಲಿಯ ಶರಬತ್ತನ್ನು ಮೊದಲು ನೋಡಿದೆ. ಗೆರೆ ಗುಡ್ಡದಂತೆ ಎದ್ದಿತು. ಜನ ಹೋ ಅಂದರು, ಚಪ್ಪಾಳೆ ಬೇರೆ. ನನ್ನ ಕಾಲು ಅವತ್ತು ನೆಲದ ಮೇಲೆ ಇರಲಿಲ್ಲ, ಸುಳ್ಳು ಯಾಕೆ ಹೇಳಲಿ.

ಆಗ ಗುಂಪಿನಿಂದ ಒಬ್ಬ ಎದ್ದು ಬಂದ. ಬಸ್‌ಸ್ಟ್ಯಾಂಡಿನ ಹತ್ತಿರ ಗಾಡಿ ಇಟ್ಟುಕೊಂಡಿದ್ದ ಸಾಬಣ್ಣ. ಕೆಂಪು ಪುಂಡಿಯ ಕಾಯಿಯ ಸಿಪ್ಪೆ ಬಿಡಿಸಿ, ಒಣಗಿಸಿ, ಬೆಲ್ಲದ ಜೊತೆ ಕುದಿಸಿ ಗಂಡ ಹೆಂಡತಿ ಮಾಡುತ್ತಿದ್ದ ಶರಬತ್ತು ಅವನದು. ಪುಂಡಿ ಪಲ್ಯ ಎಲ್ಲರ ಮನೆಯಲ್ಲೂ ಉಂಟು, ಶರಬತ್ತು ಅವನ ಹತ್ತಿರ ಮಾತ್ರ. ನೋಡಿದರೆ ಇಷ್ಟು ಕೆಂಪು ಹೇಗೆ ಅನ್ನಿಸುವಂಥ ಕೆಂಪು. ಅಮಾವಾಸ್ಯೆಗೆ ಹೊಳೆದಂಡೆಯ ಹಳ್ಳಿ ಗೂಗಲ್‌ಗೆ ಹೋಗಿ, ಕೃಷ್ಣೆಯಲ್ಲಿ ಮಿಂದು ಅಲ್ಲಮಪ್ರಭುವಿನ ಗುಡಿಗೆ ಬರುವವರಿಗೆಲ್ಲ ಪುಕ್ಕಟೆ ಹಂಚುತ್ತಿದ್ದ. ತುಂಬಿದ ಗ್ಲಾಸು ನನ್ನ ಮುಂದೆ ಇಟ್ಟು ನಗುತ್ತ ಅಂದ:

“ನಮ್ದೂ ಒಂಚೂರು ನೋಡ್ರಿ ಯವ್ವಾ. ಬಣ್ಣ ಹಾಕ್ತಾನ ಅಂತ ಮಂದಿ ಆಡ್ಕೊಂತಾರ. ನೀವ ಹೇಳಿಬಿಡ್ರಿ, ಅವ್ರ ಬಾಯಿ ಮುಚ್ಲಿ.”

ಜನ ಒತ್ತಿಕೊಂಡು ನಿಂತಿದ್ದರು. ಸರ್ ಗಡಿಯಾರ ನೋಡಿಕೊಳ್ಳುತ್ತಿದ್ದರು. ಉಜ್ಜುವ ಕಾಗದ ನನ್ನ ಚೀಲದಲ್ಲಿತ್ತು, ಚೀಲ ಕುರ್ಚಿಯ ಕೆಳಗೆ — ಬಗ್ಗಿದ್ದರೆ ಸಿಗುತ್ತಿತ್ತು. ಬಗ್ಗಲಿಲ್ಲ. ತುದಿಯನ್ನು ನೀರಿನಲ್ಲಿ ಜಾಲಿಸಿ ಅವನ ಗ್ಲಾಸಿಗೆ ಅದ್ದಿಬಿಟ್ಟೆ. ಅದೇ ಜಾಗದಲ್ಲಿ ಗೆರೆ ಎದ್ದಿತು, ಸ್ವಲ್ಪ ಸಣ್ಣದಾಗಿ. ನಾನು ಮೈಕಿನಲ್ಲಿ ಅಂದೆ: “ಇದ್ರಾಗೂ ಬಣ್ಣ ಅದ.”

ಅವನ ನಗು ತಕ್ಷಣ ಹೋಗಲಿಲ್ಲ. ನಾನು ಏನೋ ಚೇಷ್ಟೆ ಮಾಡುತ್ತಿದ್ದೇನೆ ಅಂದುಕೊಂಡನೋ ಏನೋ, ಮುಂದಿನ ಮಾತಿಗೆ ಕಾಯುತ್ತ ಹಾಗೇ ನಿಂತಿದ್ದ. ಆ ಮುಖ ನನಗೆ ಈಗಲೂ ಕಾಣುತ್ತದೆ.

ಉಳಿದ ಅರ್ಧ ಗ್ಲಾಸನ್ನು ಒಂದು ಶೀಶೆಯಲ್ಲಿ ಹಾಕಿಕೊಂಡು ರಾಯಚೂರಿಗೆ ತಂದಿದ್ದೆ. ಲ್ಯಾಬಿಗೆ ಹೋಗಿ, ತುದಿ ಉಜ್ಜಿ, ಮತ್ತೆ ನೋಡಿದೆ. ಪುಂಡಿಯ ಸ್ವಂತ ಕೆಂಪು ಏಳುವ ಜಾಗ ಬೇರೆ, ಅಲ್ಲಿ ಮಾತ್ರ ಗೆರೆ ಎದ್ದಿತು. ಕೃತಕ ಬಣ್ಣದ ಜಾಗದಲ್ಲಿ ಏನೂ ಇಲ್ಲ. ನಂಬಲಾಗದೆ ಶೀಶೆಗೆ ಚಿಟಿಕೆ ಸೋಡಾ ಪುಡಿ ಹಾಕಿದೆ. ಗಿಡದ ಕೆಂಪಾದರೆ ಸೋಡಾಕ್ಕೆ ತಡೆಯುವುದಿಲ್ಲ, ಪೇಟೆಯ ಬಣ್ಣ ಜಗ್ಗುವುದಿಲ್ಲ. ನನ್ನ ಕಣ್ಣೆದುರೇ ಆ ಕೆಂಪು ಕಪ್ಪಾಗಿ, ನೀಲಿಯಾಗಿ, ಕೊನೆಗೆ ಹಸಿರಾಗಿ ನಿಂತಿತು. ಶುದ್ಧ ಪುಂಡಿ. ಶೀಶೆಯನ್ನು ಸಿಂಕಿಗೆ ಸುರಿದೆ. ಸರ್‌ಗೆ ಏನಂತ ಹೇಳಲಿ, ಪ್ರಬಂಧ ಮುಗಿಯುವ ಹೊತ್ತಿನಲ್ಲಿ, ನನ್ನ ಸೆನ್ಸರೇ... ಇಲ್ಲ, ಸೆನ್ಸರಿನ ತಪ್ಪು ಏನೂ ಇರಲಿಲ್ಲ. ಅದು ತನಗೆ ಅಂಟಿದ್ದನ್ನು ಹೇಳಿತ್ತು.

ಆಮೇಲೆ ಸಾಬಣ್ಣ ಲ್ಯಾಬಿಗೆ ಬರತೊಡಗಿದ. ಜಗಳಕ್ಕೆ ಬಂದಿದ್ದರೆ ಚೆನ್ನಾಗಿತ್ತು. ಜಗಳವಿಲ್ಲ, ಸಿಟ್ಟಿಲ್ಲ. ಒಮ್ಮೆ ಬಾವಿಯ ನೀರು ತಂದ, ಒಮ್ಮೆ ಬೆಲ್ಲ, ಒಮ್ಮೆ ಒಣಗಿದ ಪುಂಡಿ ಸಿಪ್ಪೆ. “ಬಣ್ಣ ಎಲ್ಲಿಂದ ಬಂತು ನೋಡ್ರಿ ಯವ್ವಾ. ನಾ ಹಾಕಿಲ್ಲ. ಮತ್ತ ಎಲ್ಲಿಂದ ಬಂತು?” ಗೂಗಲ್‌ನಲ್ಲಿ ಅವನ ಶರಬತ್ತನ್ನು ಜನ ಹೊಳೆಗೆ ಚೆಲ್ಲಿದರಂತೆ. ಅದನ್ನೂ ಯಾರದೋ ಸುದ್ದಿ ಹೇಳಿದ ಹಾಗೆ ಹೇಳಿದ. ಒಂದು ದಿನ ತನ್ನ ಕೈ ತೊಳೆದ ನೀರನ್ನೇ ಡಬ್ಬಿಯಲ್ಲಿ ತುಂಬಿಕೊಂಡು ಬಂದಿದ್ದ. ನಾನು ಅದನ್ನೂ ನೋಡಿದೆ — ನೋಡಿದಂತೆ ಮಾಡಿದೆ. ಅವನು ಅಂಗೈಯನ್ನು ಕಿಟಕಿಯ ಬೆಳಕಿಗೆ ಹಿಡಿದು, ತಿರುಗಿಸಿ ತಿರುಗಿಸಿ ನೋಡಿಕೊಳ್ಳುತ್ತಿದ್ದ.

ಕೊನೆಗೆ ಹೊಸ ಶರಬತ್ತನ್ನೇ ತಂದ. ಅವನೆದುರಿಗೇ ಅದ್ದಿದೆ. ಬಣ್ಣದ ಜಾಗದಲ್ಲಿ ಗೆರೆ ಏಳಲಿಲ್ಲ. ಅವತ್ತು ಹೇಳಬಹುದಿತ್ತು. ‘ತಪ್ಪು ನನ್ನದು ಸಾಬಣ್ಣ’ ಅನ್ನಲು ಎಷ್ಟು ಹೊತ್ತು ಬೇಕು? ನಾನು ಅಂದದ್ದು ಬೇರೆ: “ಈ ಸಲ ಇಲ್ಲ.”

ಅವನು ಉಳಿದ ಶರಬತ್ತನ್ನು ತನ್ನ ಡಬ್ಬಿಗೆ ಸುರಿದುಕೊಂಡ. ನಂತರ ತನಗೇ ಹೇಳಿಕೊಂಡಂತೆ ಅಂದ: “ಈ ಸಲ ಇಲ್ಲ ಅಂದ್ರ, ಆವತ್ತು ಇತ್ತು. ಯಾರೋ ಹಾಕ್ಯಾರ. ಮನ್ಯಾಗ ಇರಾವ್ರು ನಾವಿಬ್ರ ಅಲ್ರೀ...”

ಮುಂದೆ ಅವನು ಬರಲಿಲ್ಲ. ನನಗೆ ಪಿಎಚ್.ಡಿ. ಆಯಿತು, ರಾಯಚೂರಿನಲ್ಲೇ ಕಾಲೇಜಿನ ಕೆಲಸವೂ ಸಿಕ್ಕಿತು. ಮಕ್ಕಳಿಗೆ ಎಲೆಕ್ಟ್ರೋಡು ಉಜ್ಜುವುದನ್ನು ಕಲಿಸುವಾಗ ಧ್ವನಿ ಏರುತ್ತದೆ, ಮೇಡಂ ಇಷ್ಟಕ್ಕೆಲ್ಲ ಯಾಕೆ ಬೈತಾರೆ ಅಂತ ಅವರಿಗೆ ಅರ್ಥವಾಗುವುದಿಲ್ಲ. ಹೋದ ವರ್ಷ ದೇವದುರ್ಗಕ್ಕೆ ಹೋಗಿದ್ದೆ, ಆಗಲೇ ತಿಳಿದದ್ದು — ಸಾಬಣ್ಣ ಎದೆನೋವಿನಿಂದ ತೀರಿಹೋಗಿದ್ದಾನೆ, ಹೆಂಡತಿ ಮಲ್ಲಮ್ಮ ಮಾನ್ವಿ ಕಡೆಯ ಕಲ್ಲೂರಿನಲ್ಲಿ ಅಣ್ಣನ ಮನೆಯಲ್ಲಿದ್ದಾಳೆ. ಹೋದೆ. ಮಧ್ಯಾಹ್ನ. ಅಂಗಳದಲ್ಲಿ ಜೋಳ ಹರವಿದ್ದಳು. ನಾನು ಯಾರು ಅಂತ ಹೇಳಿದ ಕೂಡಲೇ ಎದ್ದು ಕಂಬಳಿ ಹಾಸಿ ಕೂರಿಸಿದಳು, ದೇವರು ಮನೆಗೆ ಬಂದಂತೆ.

“ದಿನಾ ಕೇಳ್ತಿದ್ರು ನಮ್ಮನಿಯವ್ರು,” ಅಂದಳು. “ನೀನ ಹಾಕಿದಿ ಏನ, ನೀನ ಹಾಕಿದಿ ಏನ. ಊಟ ಬಿಟ್ರು, ನಿದ್ದಿ ಬಿಟ್ರು. ನೋಡಾಕ ಆಗ್ಲಿಲ್ರೀ. ಒಂದಿನ ಹೂಂ, ನಾನ ಹಾಕೀನಿ ಅಂದೆ. ಆವತ್ತು ಹೊಟ್ಟಿ ತುಂಬ ಉಂಡ್ರು. ಆದ್ರ ಮತ್ತ ನನ್ನ ಜೋಡಿ ಮಾತಾಡ್ಲಿಲ್ಲ. ಹೋಗೂತನಕ.”

ನಾನು ಏನೋ ಹೇಳಲು ಬಾಯಿ ತೆರೆದೆ. ಅವಳು ಧ್ವನಿ ತಗ್ಗಿಸಿ, ಒಳಗಿನವರಿಗೆ ಕೇಳಬಾರದು ಅನ್ನುವಂತೆ, ಹತ್ತಿರ ಸರಿದಳು.

“ಮೊದ್ಲು ಸುಳ್ಳ ಹೇಳಿದ್ದೆ ರೀ. ಆಮ್ಯಾಲೆ ನೆನಪಾಗಾಕತ್ತು. ಕೆಂಪು ಪುಡಿ ಪಾಕೀಟು. ಉಗುರಾಗ ಬಣ್ಣ. ನಿದ್ದಿಗಣ್ಣಾಗ ಎದ್ದು ಹಾಕಿರಬೇಕು. ಮಷೀನು ಸುಳ್ಳ ಹೇಳಂಗಿಲ್ಲಲ್ರೀ?”

ಈಗಲೂ ಅವಳು ಮಲಗುವಾಗ ಸೆರಗಿನ ತುದಿಯಿಂದ ಬಲಗೈಯನ್ನು ಮಂಚದ ಕಾಲಿಗೆ ಕಟ್ಟಿಕೊಳ್ಳುತ್ತಾಳಂತೆ. ಶರಬತ್ತಿಲ್ಲ, ಗಾಡಿಯಿಲ್ಲ, ಗಂಡನಿಲ್ಲ — ಆದರೂ ಅಣ್ಣನ ಮನೆಯ ಸಾರಿಗೋ, ಮಕ್ಕಳ ಹಾಲಿಗೋ ಏನಾದರೂ ಹಾಕಿಬಿಟ್ಟರೆ ಅಂತ ಭಯ. ಮಣಿಕಟ್ಟಿನ ಸುತ್ತ ಕಪ್ಪಗೆ ಗೆರೆ ಬಿದ್ದಿತ್ತು. ಅದನ್ನು ನೋಡಿಯೂ ನಾನು ಚಹಾ ಕುಡಿದು, ಬರ್ತೀನಿ ಅಂತ ಹೇಳಿ ಬಸ್ಸು ಹತ್ತಿದೆ. ಥೂ, ನನ್ನ ಜನ್ಮಕ್ಕೆ.

ಒಂದು ವರ್ಷ ಅದನ್ನು ಹೊತ್ತುಕೊಂಡು ತಿರುಗಿದೆ. ಹೋದ ಭಾನುವಾರ ಮತ್ತೆ ಕಲ್ಲೂರಿಗೆ ಹೋಗಿ ಎಲ್ಲವನ್ನೂ ಹೇಳಿದೆ. ಕಾಗದ, ಚೀಲ, ಶೀಶೆ ಹಸಿರಾದದ್ದು, ‘ಈ ಸಲ’ ಅಂದದ್ದು, ಒಂದನ್ನೂ ಬಿಡದೆ. ನೀನು ಹಾಕಿಲ್ಲ ಮಲ್ಲಮ್ಮ, ಯಾರೂ ಹಾಕಿಲ್ಲ, ಬಣ್ಣ ಇರಲೇ ಇಲ್ಲ ಅಂತ ಅವಳ ಕಾಲು ಮುಟ್ಟಿ ಹೇಳಿದೆ. ಬೈಯಲಿ, ಹೊಡೆಯಲಿ, ಊರವರನ್ನು ಕರೆಯಲಿ ಅಂತ ಕಾದೆ.

ಅವಳು ನನ್ನನ್ನು ಎಬ್ಬಿಸಿ, ತಲೆ ಸವರಿ, ಮಗುವನ್ನು ಸಂತೈಸುವಂತೆ ಅಂದಳು: “ಎಷ್ಟು ದೊಡ್ಡ ಮನಸ್ಸು ಯವ್ವಾ ನಿಮ್ದು. ನನ್ನ ಪಾಪಾನ ನಿಮ್ಮ ಮ್ಯಾಲೆ ಹಾಕ್ಕೊಳಾಕತ್ತೀರಿ. ಬ್ಯಾಡ್ರಿ.”

ಆಣೆ ಮಾಡಿದೆ, ಅತ್ತುಬಿಟ್ಟೆ. ಅವಳು ನಕ್ಕಳು.

ನಾಳೆ ದೇವದುರ್ಗಕ್ಕೆ ಹೋಗುತ್ತೇನೆ. ಬಸ್‌ಸ್ಟ್ಯಾಂಡಿನಲ್ಲಿ ನಿಂತು, ಅವತ್ತು ಚಪ್ಪಾಳೆ ಹೊಡೆದವರು ಎಷ್ಟು ಜನ ಸಿಕ್ಕರೆ ಅಷ್ಟು ಜನರಿಗೆ ಹೇಳುತ್ತೇನೆ. ಅವರಲ್ಲಿ ಯಾರಾದರೂ ಕಲ್ಲೂರಿಗೆ ಹೋಗಿ ಅವಳಿಗೆ ಹೇಳಲಿ. ನಾನು ಹೇಳಿದರೆ ಅವಳು ನಂಬುವುದಿಲ್ಲ. ನಾನು ಹೇಳಿದ್ದನ್ನು ಆ ಮನೆಯವರು ನಂಬಿದ್ದು ಒಂದೇ ಸಲ.