ಅರವತ್ತು ಡಿಗ್ರಿಯ ಸಂಸಾರ

ಬೆಳಗಿನ ಐದೂವರೆ. ಪ್ರಯೋಗಾಲಯದ ಕಾರಿಡಾರಿನಲ್ಲಿ ಇನ್ನೂ ದೀಪ ಹಾಕಿಲ್ಲ. ಎಲ್ಲರೂ ‘ಅಕ್ಕ’ ಎಂದೇ ಕರೆಯುವ ಸಹಾಯಕಿ ಮಾತ್ರ ಆಗಲೇ ದಪ್ಪ ಕೈಗವಸು ತೊಟ್ಟು ಬಿಸಿ ಪೆಟ್ಟಿಗೆಯ ಬಾಗಿಲು ತೆಗೆಯುತ್ತಿದ್ದಾರೆ. ಒಳಗೆ ಅರವತ್ತು ಡಿಗ್ರಿ ಶಾಖ. ಫ್ಲಾಸ್ಕುಗಳಲ್ಲಿ ಕಿತ್ತಳೆ ರಸದಷ್ಟು ಹುಳಿಯಾದ ನೀರು, ಅದರಲ್ಲಿ ಬ್ಯಾಕ್ಟೀರಿಯಾ. ಪ್ರಯೋಗಾಲಯ ನೋಡಲು ಬಂದ ನಾನು ಇಣುಕುತ್ತ ನಿಂತರೆ ಗದರುತ್ತಾರೆ: “ಬಾಗಿಲು ಬೇಗ ಹಾಕಿ ಸಾರ್, ಮಕ್ಕಳಿಗೆ ಚಳಿಯಾಗತ್ತೆ!”

ಕಾರ್ಖಾನೆಯಲ್ಲಿ ಬಿದ್ದು ಗಂಡ ಹಾಸಿಗೆ ಹಿಡಿದಾಗ, ಗಾಜು ತೊಳೆಯಲು ಇಲ್ಲಿಗೆ ಸೇರಿದವರು. ಇಪ್ಪತ್ತೊಂದು ವರ್ಷವಾಯಿತು. ಆಮ್ಲ ಸಿಡಿದ ಕಲೆಗಳು ಮೊಣಕೈವರೆಗೂ ಇವೆ. ಈಗ ದಿನಕ್ಕೆ ಮೂರು ಸಲ, ಹನ್ನೆರಡು ಫ್ಲಾಸ್ಕುಗಳಿಂದ ಹನಿ ತೆಗೆದು, ಎಷ್ಟು ಸಕ್ಕರೆ ಉಳಿದಿದೆ ಎಂದು ನೋಡಿ ಬರೆದಿಡುವುದು ಅವರ ಕೆಲಸ.

ಹೊಲದಲ್ಲಿ ಉಳಿದ ಕಡ್ಡಿ, ದಂಟುಗಳಿಂದ ಇಂಧನ ತೆಗೆಯಬೇಕೆಂದರೆ ಅವುಗಳಲ್ಲಿರುವ ಬಗೆಬಗೆಯ ಸಕ್ಕರೆಯನ್ನೆಲ್ಲ ಸೂಕ್ಷ್ಮಜೀವಿಗಳು ತಿಂದು ಮುಗಿಸಬೇಕು. ಹೆಚ್ಚಿನ ಸೂಕ್ಷ್ಮಜೀವಿಗಳು ಗ್ಲೂಕೋಸ್ ಮುಗಿಸಿಯೇ ಉಳಿದದ್ದರ ಕಡೆ ನೋಡುವುದು. “ನನ್ನ ಮಗಳೂ ಚಿಕ್ಕವಳಿದ್ದಾಗ ಇಷ್ಟವಾದದ್ದನ್ನ ಮಾತ್ರ ತಿಂದು ಎದ್ದುಬಿಡ್ತಿದ್ದಳು. ಇವು ಹಾಗಲ್ಲ, ಹಾಕಿದ್ದನ್ನೆಲ್ಲ ಒಟ್ಟಿಗೆ ತಿಂತವೆ,” ಎನ್ನುತ್ತಾರೆ ಅಕ್ಕ.

ಹೋದ ವರ್ಷ ಇದನ್ನು ಯಾರೂ ನಂಬಲಿಲ್ಲ. ಫ್ಲಾಸ್ಕಿಗೆ ಹಾಕಿದ್ದ ಗ್ಲೂಕೋಸ್ ಮತ್ತು ಇನ್ನೊಂದು ಸಕ್ಕರೆ, ಎರಡೂ ಜೊತೆಜೊತೆಗೇ ಇಳಿಯುತ್ತಿದ್ದ ಅಂಕಿ ನೋಡಿ ಯುವ ಸಂಶೋಧಕಿ, “ಟ್ಯೂಬ್ ಅದಲುಬದಲು ಮಾಡಿದ್ದೀರಿ” ಎಂದಳು. ಫ್ಲಾಸ್ಕಿನಲ್ಲಿರುವುದನ್ನು ಚೆಲ್ಲಿಬಿಡಿ, ನಾಳೆಯಿಂದ ಮತ್ತೆ ಗಾಜು ತೊಳೆಯಲು ಹೋಗಿ ಎಂದು ಮುಖ್ಯಸ್ಥರೂ ಹೇಳಿಬಿಟ್ಟರು. ಆದರೆ ಅಕ್ಕ ಚೆಲ್ಲಲಿಲ್ಲ.

“ಸಕ್ಕರೆ ಇನ್ನೂ ಅರ್ಧ ಇತ್ತು. ಊಟಕ್ಕೆ ಕೂತೋರನ್ನ ಹೇಗೆ ಎಬ್ಬಿಸೋದು ಹೇಳಿ?”

ಮರುದಿನ ಬಿಸಿ ಪೆಟ್ಟಿಗೆಯಲ್ಲಿ ಅದೇ ಫ್ಲಾಸ್ಕುಗಳನ್ನು ಕಂಡು ಸಂಶೋಧಕಿ ಸಿಡಿಮಿಡಿಗೊಂಡಳು. ಆದರೂ, ನೋಡಿಯೇ ಬಿಡೋಣವೆಂದು ತಾನೇ ಹನಿ ತೆಗೆದಳು. ಎರಡು ಸಕ್ಕರೆಯೂ ಒಟ್ಟಿಗೇ ಇಳಿದಿದ್ದವು. ಹೊಸ ಫ್ಲಾಸ್ಕು ಹೂಡಿದರೂ ಅದೇ ಲೆಕ್ಕ. “ನೇರ ತೊಳೆಯೋ ಕೋಣೆಗೆ ಓಡಿದೆ. ಅಕ್ಕನ ಕೈ ಹಿಡ್ಕೊಂಡು ಅತ್ತುಬಿಟ್ಟೆ. ನನ್ನ ಪ್ರಬಂಧ ಇವತ್ತು ನಿಂತಿರೋದೇ ಅವರಿಂದ,” ಎನ್ನುವಾಗ ಈಗಲೂ ಅವಳ ಕಣ್ಣು ತುಂಬುತ್ತದೆ. ಕೇಳುತ್ತ ನಿಂತ ನನಗೂ ಈ ತಾಯಿಗೆ ಕೈ ಮುಗಿಯಬೇಕೆನಿಸಿತು.

ನಂಬದಿದ್ದ ಆ ಮೊದಲ ದಿನ ಅಕ್ಕನ ಅಂಕಿಗಳ ಮೇಲೆ ಅವಳು ಕೆಂಪು ಗೀಟು ಎಳೆದಿದ್ದಳಂತೆ. ತನ್ನ ತಪ್ಪು ತಿಳಿದ ಮೇಲೆ ಆ ಪುಟ ಹರಿದು ಹೊಸದಾಗಿ ಬರೆಯಲು ಹೋದಾಗ ಅಕ್ಕ ತಡೆದರು.

“ಇರಲಿ ಬಿಡಮ್ಮ. ಗೀಟಿನ ಕೆಳಗಿದ್ರೂ ಅಂಕಿ ಓದೋಕೆ ಬರತ್ತಲ್ಲ.”