ವಿಜಿಯ ಬೋರ್ಡಿನ ಅಂಚು

ವಿಜಿ, ನಿನ್ನ ಸ್ನೋಬೋರ್ಡಿನ ಅಂಚನ್ನು ಮೊಂಡು ಮಾಡಿದವನು ನಾನು. ನಿನ್ನ ಮೊಣಕಾಲಿನಲ್ಲಿ ಯಾವ ದೋಷವೂ ಇರಲಿಲ್ಲ. ಇಷ್ಟು ಹೇಳುವುದಕ್ಕೆ ನಿನ್ನ ಅಣ್ಣನಿಗೆ ಇಷ್ಟು ವರ್ಷ ಬೇಕಾಯಿತು — ಬೈಯುವುದಿದ್ದರೆ ಪೂರ್ತಿ ಓದಿದ ಮೇಲೆ ಬೈ.

ತೊಂಬತ್ತರ ದಶಕ ಮುಗಿಯುತ್ತಿದ್ದ ಕಾಲ. ನೀನು ಸದಾಶಿವ ಪೇಠದ ಟ್ಯೂಷನ್ ಕ್ಲಾಸಿನಲ್ಲಿ ಗಣಿತ ಕಲಿಸುತ್ತಿದ್ದೆ, ರಜೆ ಬಂದರೆ ಬೆಟ್ಟ ಹತ್ತುತ್ತಿದ್ದೆ. ಆ ವರ್ಷ ಔಲಿಯ ಹಿಮದ ಶಿಬಿರಕ್ಕೆಂದು ಹೊಸ ಬೋರ್ಡು ತರಿಸಿಕೊಂಡೆ. ಹಲಗೆಗೆ ಕಾಲು ಕಟ್ಟಿಕೊಂಡು ಹಿಮದ ಮೇಲೆ ಜಾರುವುದೆಂದರೇನೆಂದು ಚಿಂಚವಾಡದ ನಮ್ಮ ಕಾಲೊನಿಯಲ್ಲಿ ಯಾರಿಗೆ ಗೊತ್ತು? ಅವ್ವ ಅದನ್ನು ಇಸ್ತ್ರಿ ಹಲಗೆ ಎಂದುಕೊಂಡು ಮೇಲೆ ಚಾದರ ಹಾಸಿಬಿಟ್ಟಿದ್ದಳು. ನಾನು ಅದರ ಉಕ್ಕಿನ ಅಂಚಿನ ಮೇಲೆ ಬೆರಳಾಡಿಸಿದೆ — ರಕ್ತ ಬಂತು. ಕಾರ್ಖಾನೆಯ ಟೂಲ್ ರೂಮಿನಲ್ಲಿ ದುಡಿಯುವವನ ಕೈ ಸುಮ್ಮನಿರುತ್ತದೆಯೇ? ಯಾವ ಬಿಡಿಭಾಗವನ್ನೂ ಚೂಪು ಅಂಚಿನೊಂದಿಗೆ ಹೊರಗೆ ಬಿಡಬಾರದು, ಮುಂದೆ ಮುಟ್ಟುವವರ ಕೈ ಕೊಯ್ಯುತ್ತದೆ ಎಂಬುದು ನಮಗೆ ಮೊದಲು ಕಲಿಸುವ ಪಾಠ. ಅರ ತಂದು, ಎರಡೂ ಬದಿಯ ಅಂಚನ್ನು ಉಜ್ಜಿ ಉಜ್ಜಿ ದುಂಡಗೆ ಮಾಡಿಟ್ಟೆ. ನಿನಗೆ ಹೇಳಬೇಕೆಂದು ಅನ್ನಿಸಲೂ ಇಲ್ಲ.

ಅಲ್ಲಿಯವರೆಗೆ ಅದು ಪೆದ್ದುತನ. ತಪ್ಪು ಶುರುವಾದದ್ದು ಔಲಿಯಲ್ಲಿ.

ನಿನ್ನ ಕಾವಲಿಗೆಂದು ಅವ್ವ ನನ್ನನ್ನೂ ಕಳಿಸಿದ್ದಳಲ್ಲ. ಮೆತ್ತನೆಯ ಹಿಮದಲ್ಲಿ ನಮ್ಮೆಲ್ಲರಿಗಿಂತ ನೀನೇ ಚೆನ್ನಾಗಿ ಜಾರಿದೆ. ಆಮೇಲೆ ಬಿಸಿಲಿಗೆ ಕರಗಿದ ಹಿಮ ಮತ್ತೆ ಹೆಪ್ಪುಗಟ್ಟಿ ಇಳಿಜಾರೆಲ್ಲ ಗಾಜಾಯಿತು. ಬೋರ್ಡನ್ನು ಒಂದು ಬದಿಗೆ ವಾಲಿಸಿ, ಆ ಅಂಚಿನಿಂದಲೇ ಮಂಜುಗಡ್ಡೆಯನ್ನು ಕೊರೆಯುತ್ತಾ ತಿರುಗಬೇಕು. ಅಂಚು ಚೂಪಿರದಿದ್ದರೆ ಅದು ಹಿಡಿಯುವುದು ಬಲು ಕಷ್ಟ ಎಂದರು ತರಬೇತುದಾರರು. ನಾನು ಮಾಡಿಟ್ಟದ್ದೇನೆಂದು ಆಗ ತಿಳಿಯಿತು. ನೀನು ವಾಲಿಸಿದಾಗಲೆಲ್ಲ ಬೋರ್ಡು ಕರಕರ ಕೆರೆಯುತ್ತಾ ಅಡ್ಡ ಜಾರುತ್ತಿತ್ತು, ನೀನು ಬೀಳುತ್ತಿದ್ದೆ. ಹೊಸ ಬೋರ್ಡು ಎಂದು ಯಾರೂ ಅಂಚು ಮುಟ್ಟಿ ನೋಡಲಿಲ್ಲ. ನಾನು ಬಾಡಿಗೆಯ ಬೋರ್ಡಿನಲ್ಲಿ ಹೇಗೋ ಇಳಿದೆ, ಜನ ಚಪ್ಪಾಳೆ ತಟ್ಟಿದರು. ಜನ್ಮದಲ್ಲಿ ನನಗೆ ಬಿದ್ದ ಮೊದಲ ಚಪ್ಪಾಳೆ ಅದು... ಬಿಟ್ಟುಕೊಡಲು ಮನಸ್ಸಾಗಲಿಲ್ಲ.

"ಅಣ್ಣಾ, ನಂಗಷ್ಟ ಯಾಕ ಬರವಲ್ದು? ಬೋರ್ಡಿನ್ಯಾಗ ಏನರೆ ಅದ ಏನು?" ಎಂದು ಕೇಳಿದೆ ನೀನು.

"ಬೋರ್ಡ್ ಚಲೋನ ಅದ, ವಿಜಿ. ನಿನ್ನ ಮೊಣಕಾಲಾಗ ಧೈರ್ಯ ಇಲ್ಲ."

ಹಾಗೆಂದುಬಿಟ್ಟೆ. ನೀನು ತಲೆ ತಗ್ಗಿಸಿದೆ.

ನೀನು ಬಿಟ್ಟುಬಿಡುತ್ತೀಯ ಎಂದುಕೊಂಡಿದ್ದೆ. ನೀನೆಲ್ಲಿ ಬಿಡುವವಳು! ಮನೆಯ ಟೆರೇಸಿನಲ್ಲಿ ದಪ್ಪ ಪೈಪಿನ ಮೇಲೆ ಹಲಗೆಯಿಟ್ಟು, ಎದುರಿಗೆ ಕನ್ನಡಿ ಒರಗಿಸಿ ದಿನವೂ ನಿಂತೆ. ವಾಲಿಸುವಾಗ ನೀನು ಸೊಂಟದಲ್ಲಿ ಒಳಕ್ಕೆ ಬಾಗುತ್ತಿದ್ದೆ, ಆ ತಪ್ಪನ್ನು ಕನ್ನಡಿಯಲ್ಲಿ ನೀನೇ ಕಂಡುಹಿಡಿದು ತಿದ್ದಿಕೊಂಡೆ. ತಲೆಯ ಮೇಲೆ ಕೊಡ ಹೊತ್ತವಳಂತೆ ಭುಜ ಅಲುಗಿಸದೆ, ಮೊಣಕಾಲು ತಗ್ಗಿಸಿ, ಬರೀ ಹಿಮ್ಮಡಿ ಮತ್ತು ಕಾಲ್ಬೆರಳುಗಳ ಭಾರದಲ್ಲಿ ಹಲಗೆ ವಾಲಿಸುವುದನ್ನು ಕಲಿತೆ. ನಾನು ಚುರುಮುರಿ ತಿನ್ನುತ್ತಾ ನೋಡುತ್ತಿದ್ದೆ. ಕದ್ದಾದರೂ ಆ ಅಂಚನ್ನು ಚೂಪು ಮಾಡಿಡಬಹುದಿತ್ತು. ಮಾಡಲಿಲ್ಲ — ಅಂಚು ಇದ್ದಕ್ಕಿದ್ದಂತೆ ಹಿಡಿದರೆ, ಮೊದಲು ಅದು ಮೊಂಡಾಗಿತ್ತೆಂದು ನಿನಗೆ ಗೊತ್ತಾಗಿಬಿಡುತ್ತಿತ್ತು. ಇದಕ್ಕೇನು ಹೆಸರಿಡುತ್ತೀಯೋ ಇಡು.

ಮರುವರ್ಷ ಅದೇ ಇಳಿಜಾರು, ಅದೇ ಗಾಜು, ಅದೇ ಮೊಂಡು ಬೋರ್ಡು. ನೀನು ಅವಸರವಿಲ್ಲದೆ ಹೊರಟೆ. ಬೋರ್ಡು ಮೆಲ್ಲಗೆ ವಾಲಿತು, ಕೆರೆಯುವ ಸದ್ದು ಬರಲೇ ಇಲ್ಲ. ಎಡಕ್ಕೊಂದು ತಿರುವು, ಬಲಕ್ಕೊಂದು... ಅಯ್ಯೋ ವಿಜಿ, ನನ್ನ ಕೈಯಲ್ಲಿದ್ದ ಚಹಾ ಚೆಲ್ಲಿಹೋದದ್ದು ಗೊತ್ತಾಗಲಿಲ್ಲ! ನೀನು ಇಳಿದ ದಾರಿಯಲ್ಲಿ ಅಡ್ಡ ಕೆರೆದ ಗುರುತಿಲ್ಲದೆ, ರಂಗೋಲಿಯ ಎಳೆಯಷ್ಟು ಸಣ್ಣ ಗೆರೆ ಉಳಿದಿತ್ತು. ತರಬೇತುದಾರರು ಕೂತು ಅದನ್ನು ನೋಡಿ, ಎದ್ದು ನಿನಗೆ ಸಲಾಮು ಹೊಡೆದರು. ನೀನು ಓಡಿಬಂದು ನನ್ನ ಕುತ್ತಿಗೆಗೆ ಜೋತುಬಿದ್ದೆ.

"ಅಣ್ಣಾ, ನೀ ಅಂದದ್ದು ಖರೇನ ಇತ್ತು! ಧೈರ್ಯ ಬಂತು ನೋಡು!"

ನಾನು ಹೌದೆನ್ನುವಂತೆ ನಿನ್ನ ಬೆನ್ನು ತಟ್ಟಿದೆ.

ಈಗ ಪ್ರತಿ ಚಳಿಗಾಲ ನೀನೇ ಹುಡುಗಿಯರನ್ನು ಕರೆದೊಯ್ದು ಕಲಿಸುತ್ತೀಯ. ಆ ಹಳೆಯ ಬೋರ್ಡು ಕೊಂಢವಾದಲ್ಲಿರುವ ನಿನ್ನ ಮನೆಯ ಗೋಡೆಯ ಮೇಲಿದೆ. ಮೊನ್ನೆ ನಾನು ಬಂದಾಗ ನಮ್ಮ ಕಡೆಯ ಹುಡುಗಿಯೊಬ್ಬಳು, ಗಟ್ಟಿ ಹಿಮದಲ್ಲಿ ತನ್ನ ಬೋರ್ಡು ಜಾರಿಹೋಗುತ್ತದೆ ಎಂದು ನಿನ್ನೆದುರು ಅಳುತ್ತಿದ್ದಳು. ನೀನು ಪ್ರೀತಿಯಿಂದಲೇ ಹೇಳಿದೆ: "ಬೋರ್ಡ್ ಚಲೋನ ಇರ್ತದವಾ, ಮೊಣಕಾಲಾಗ ಧೈರ್ಯ ಬೇಕು. ನಮ್ಮಣ್ಣ ನಂಗ ಹಿಂಗ ಹೇಳಿದ್ದ." ಅವಳು ತಲೆ ತಗ್ಗಿಸಿದಳು, ಅವತ್ತು ನೀನು ತಗ್ಗಿಸಿದ ಹಾಗೆಯೇ. ಮನೆಗೆ ಬಂದವನೇ ಈ ಕಾಗದ ಬರೆಯಲು ಕೂತೆ.

ವಿಜಿ, ನೀನು ಗೆದ್ದದ್ದು ನನ್ನ ಮಾತಿನಿಂದಲ್ಲ. ನಾನು ಕೆಡಿಸಿಟ್ಟ ಅಂಚಿನ ಮೇಲೆ ನಿಂತು ಗೆದ್ದೆ. ನಿನ್ನ ಗೆಲುವು ನೀನು ತಿಳಿದಿರುವುದಕ್ಕಿಂತ ದೊಡ್ಡದು. ಗೋಡೆಯ ಮೇಲಿನ ಬೋರ್ಡು ಇಳಿಸಿ ಬೆರಳಾಡಿಸು. ಕೊಯ್ಯುವುದಿಲ್ಲ. ಆಮೇಲೆ ನನ್ನನ್ನು ಏನು ಬೇಕಾದರೂ ಅನ್ನು. ಆದರೆ ಆ ಹುಡುಗಿಯ ಮೊಣಕಾಲಿನ ಬಗ್ಗೆ ಇನ್ನೊಂದು ಮಾತು ಹೇಳುವ ಮೊದಲು, ಅವಳ ಬೋರ್ಡಿನ ಅಂಚು ಮುಟ್ಟಿ ನೋಡು.